ಹಗುರ ಕೋವಿ, ಭಾರದ ಒದೆತ

(ಕೊಲರಾಡೋದ ಡೆನ್ವರ್ ಹತ್ತಿರ ನಾವು ಕೆಲವು ಕನ್ನಡದ ಮನೆಯವರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಹಿಂದುಮುಂದಾಗಿದ್ದನ್ನು ಮಾತ್ರ ಸರಿಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತು ನಾನು ಕೋವಿ ತಂದಿಲ್ಲ. ಮೇಜಿನ ಮೇಲೆ ಇರೋದು ಮೂರು ಕಿಲೋ ಸೋನಾ ಮಸೂರಿ ಅಕ್ಕಿಯ ಚೀಲ, ಒಂದು ಅಳತೆ ಟೇಪು, ಒಂದು ರಬ್ಬರಿನ ತುಂಡು. ಹಗುರ ಬೇಟೆ ಕೋವಿಯಲ್ಲಿ ಜೋರು ತೋಟಾ ಹಾರಿಸಿದಾಗ ಭುಜಕ್ಕೆ ಬೀಳುವ ಒದೆತದ ಬಗ್ಗೆ ನಾನು ಹೇಳಬೇಕಾದ್ದಕ್ಕೆ ಇಷ್ಟು ಸಾಕು.

ಈ ಚೀಲವನ್ನು ಈಗ ಆಳೆತ್ತರಕ್ಕೆ ಎತ್ತುತ್ತೇನೆ. ಟೇಪಿನಲ್ಲಿ ನೋಡಿ, ಸರಿಯಾಗಿ ಆರು ಅಡಿ. ಕೆಳಗೆ ಸೋಫಾದ ದಿಂಬು ಇಟ್ಟಿದ್ದೇನೆ. ಬಿಟ್ಟೆ. ದಪ್! ಕೇಳಿಸಿತಲ್ವಾ? ಹಿಂದಿನ ಸಾಲಿನವರೂ ತಿರುಗಿ ನೋಡಿದರು. ಈಗ ಇದೇ ಚೀಲ ಮೂರು ಅಡಿಯಿಂದ. ಶಬ್ದವೇ ಬೇರೆ.

ಮೂರು ಕಿಲೋ ತೂಗುವ ರೈಫಲ್‌ನಲ್ಲಿ 308 ವಿಂಚೆಸ್ಟರ್ ಅನ್ನುವ ಸಾಧಾರಣ ತೋಟಾ ಹಾರಿಸಿದರೆ, ಕೋವಿ ಆ ಮೂರಡಿಯಿಂದ ಬಿದ್ದ ವೇಗದಲ್ಲಿ ಭುಜಕ್ಕೆ ಬರುತ್ತದೆ. ಅದೇ ತೂಕದ ರೈಫಲ್‌ನಲ್ಲಿ 300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ ದೊಡ್ಡ ತೋಟಾ ಹಾರಿಸಿದರೆ ಆರಡಿಯಿಂದ ಬಿದ್ದ ವೇಗ. ಸೆಕೆಂಡಿಗೆ ಸುಮಾರು 6 ಮೀಟರ್. ಚೀಲ ಮೆತ್ತಗಿದೆ, ಕೋವಿ ಗಟ್ಟಿ. ಚೀಲ ಬಿದ್ದದ್ದು ದಿಂಬಿನ ಮೇಲೆ, ಕೋವಿ ಬರೋದು ಮೂಳೆಯ ಮೇಲೆ. ಕೆನ್ನೆಯ ಪಕ್ಕದಲ್ಲೇ.

ನಾನು ಸೋಮವಾರಪೇಟೆ ಕಡೆಯವನು. ನಮ್ಮ ಅಜ್ಜನ ಹತ್ತಿರ ಎರಡು ನಳಿಗೆಯ ಹನ್ನೆರಡು ಬೋರಿನ ಕೋವಿ ಇತ್ತು. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವ ಪೈಪೋಟಿ ನೋಡಿಕೊಂಡೇ ಬೆಳೆದೆ. ಕೊಡಗಿನಲ್ಲಿ ಕೋವಿ ಅಂದರೆ ಮನೆಯ ಮನುಷ್ಯನ ಹಾಗೆ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದು ನಿಮಗೆ ಗೊತ್ತು. ಆದರೆ ಬೇಟೆ ಬೇರೆ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಷಿಕಾರಿ ಮುಗಿದ ಕಥೆ, ಅದು ಹಾಗೇ ಇರಲಿ ಅನ್ನುವವನು ನಾನು. ಇವತ್ತಿನ ಮಾತು ಪೂರ್ತಿ ಇಲ್ಲಿಯದು. ರಾಜ್ಯ ಸರ್ಕಾರವೇ ಲೆಕ್ಕ ಹಾಕಿ ಪರವಾನಗಿ ಕೊಡುವ, ಕೊಲರಾಡೋದ ಎಲ್ಕ್ ಬೇಟೆಯದು.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಹೆಣ್ಣೇ ಸುಮಾರು 225 ಕಿಲೋ ತೂಗುತ್ತದೆ, ಗಂಡು 300 ದಾಟುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರೋದು ನಮ್ಮ ಈ ರಾಜ್ಯದಲ್ಲೇ. ಅವು ಸಿಗೋದು ಹತ್ತು ಸಾವಿರ ಅಡಿ ಎತ್ತರದ ಸ್ಪ್ರೂಸ್ ಕಾಡಿನಲ್ಲಿ. ಅಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ದಿನಕ್ಕೆ ಎಂಟು ಹತ್ತು ಮೈಲಿ ಏರಿ ಇಳಿಯಬೇಕು. ಉಸಿರು ಸಿಗೋದೇ ಕಷ್ಟ. ಹೆಗಲ ಮೇಲಿನ ಕೋವಿ ಒಂದು ಕಿಲೋ ಕಡಿಮೆಯಾದರೆ ಸಂಜೆ ಹೊತ್ತಿಗೆ ಕಾಲಿಗೆ ಗೊತ್ತಾಗುತ್ತದೆ. ಹಗುರ ರೈಫಲ್ ಬೇಕು ಅನ್ನುವ ಆಸೆ ಬರೋದು ಹೀಗೆ. ಅದು ಸುಮ್ನೆ ಶೋಕಿಯಲ್ಲ.

ಆಸೆ ಹಳೆಯದೇ. ವಿಂಚೆಸ್ಟರ್ ತನ್ನ ಮಾಡೆಲ್ 70ರಲ್ಲಿ ಫೆದರ್‌ವೇಟ್ ಅಂತ ಹಗುರ ಕೋವಿ ತಂದದ್ದು 1952ರಲ್ಲಿ. ಅದು ಬಂದದ್ದು 308ರಂಥ ಸಾಧು ತೋಟಾದ ಜೊತೆ. ಇನ್ನೊಂದು ಕಡೆ ಮ್ಯಾಗ್ನಮ್‌ಗಳ ಸಾಲು. 375 ಎಚ್ ಅಂಡ್ ಎಚ್ 1912ರದು. 338 ವಿಂಚೆಸ್ಟರ್ ಮ್ಯಾಗ್ನಮ್ 1958, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ 1962, 300 ವಿಂಚೆಸ್ಟರ್ ಮ್ಯಾಗ್ನಮ್ 1963. ಮ್ಯಾಗ್ನಮ್ ಅನ್ನೋದು ಲ್ಯಾಟಿನ್ನಿನ ‘ದೊಡ್ಡದು’. ಒಂದೂವರೆ ಲೀಟರಿನ ವೈನ್ ಬಾಟಲಿಗೂ ಅದೇ ಹೆಸರು. ತೋಟಾದಲ್ಲೂ ಅರ್ಥ ಅಷ್ಟೇ, ಜಾಸ್ತಿ ಮದ್ದು ಹಿಡಿಯುತ್ತದೆ. ಆ ದಿನಗಳಲ್ಲಿ ಇಂಥ ತೋಟಾ ಹಾಕುತ್ತಿದ್ದ ಕೋವಿ, ಅದರ ಮೇಲೆ ಗುರಿ ನೋಡಲು ಕೂರಿಸುವ ದುರ್ಬೀನು ಸೇರಿ, ನಾಲ್ಕು ಕಿಲೋ ಆಸುಪಾಸು ಇರುತ್ತಿತ್ತು. ಈಗ ಕಾರ್ಬನ್ ಫೈಬರಿನ ಸ್ಟಾಕು (ಭುಜಕ್ಕೆ ಒರಗುವ ಹಿಡಿ), ಟೈಟಾನಿಯಂ ಆಕ್ಷನ್ (ತೋಟಾ ಕೂರಿಸಿ ಹಾರಿಸುವ ಯಂತ್ರಭಾಗ), ಕಾರ್ಬನ್ ಸುತ್ತಿದ ನಳಿಗೆ ಬಂದಿವೆ. ಅದೇ ತೋಟಾ ಮೂರು ಕಿಲೋ ಕೋವಿಗೆ ಇಳಿದಿದೆ. ತೊಂದರೆ ಶುರುವಾಗೋದು ಇಲ್ಲೇ.

ಲೆಕ್ಕ ಸ್ವಲ್ಪ ನೋಡೋಣ, ಹೈಸ್ಕೂಲಿನಲ್ಲಿ ಓದಿದ್ದೇ. ಮುಂದಕ್ಕೆ ಹೋಗಿದ್ದರ ತೂಕ ಗುಣಿಸು ವೇಗ, ಹಿಂದಕ್ಕೆ ಬಂದಿದ್ದರ ತೂಕ ಗುಣಿಸು ವೇಗ, ಎರಡೂ ಸಮ. 300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ ಗುಂಡು 11.7 ಗ್ರಾಂ, ಸೆಕೆಂಡಿಗೆ 900 ಮೀಟರ್ ಚಿಲ್ಲರೆ ವೇಗ. ತೂಕವನ್ನು ಕಿಲೋದಲ್ಲಿ ಹಿಡಿದು ಗುಣಿಸಿದರೆ ಹತ್ತೂವರೆ ಬರುತ್ತದೆ. ಬಹಳ ಜನ ಲೆಕ್ಕ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮದ್ದೂ ಮುಂದಕ್ಕೇ ಹೋಗುತ್ತದೆ ಅಲ್ವಾ? ಉರಿದು ಗ್ಯಾಸ್ ಆದ ಸುಮಾರು 4.7 ಗ್ರಾಂ ಮದ್ದು ನಳಿಗೆಯ ಬಾಯಿಂದ ಗುಂಡಿಗಿಂತ ಜೋರಾಗಿ ನುಗ್ಗುತ್ತದೆ. ಗುಂಡಿನ ವೇಗದ 1.75 ಪಟ್ಟು ಅಂತ ಹಿಡಿಯೋದು ರೂಢಿ. ಅದರ ಪಾಲು ಏಳು ಚಿಲ್ಲರೆ. ಒಟ್ಟು ಹದಿನೆಂಟರ ಹತ್ತಿರ. ಅಂದರೆ ನಿಮ್ಮ ಭುಜಕ್ಕೆ ಬರುವ ತಳ್ಳಾಟದಲ್ಲಿ ನೂರಕ್ಕೆ ನಲವತ್ತು ಪಾಲು ಗ್ಯಾಸಿನದೇ. ಈ ನಲವತ್ತನ್ನು ಜ್ಞಾಪಕ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಆ ಹದಿನೆಂಟನ್ನು ಕೋವಿಯ ತೂಕದಿಂದ ಭಾಗಿಸಿದರೆ ಕೋವಿ ಹಿಂದೆ ಬರುವ ವೇಗ ಸಿಗುತ್ತದೆ. ನಾಲ್ಕು ಕಿಲೋ ಕೋವಿಯಾದರೆ ಸೆಕೆಂಡಿಗೆ ನಾಲ್ಕೂವರೆ ಮೀಟರ್, ಶಕ್ತಿ 40 ಜೌಲ್. ಮೂರು ಕಿಲೋ ಆದರೆ 6 ಮೀಟರ್, 53 ಜೌಲ್. ತೂಕ ಕಾಲು ಭಾಗ ಇಳಿಸಿದಿರಿ, ಒದೆತ ಮೂರನೇ ಒಂದು ಭಾಗ ಏರಿತು. 308 ಅದೇ ಮೂರು ಕಿಲೋ ಕೋವಿಯಲ್ಲಿ 27 ಜೌಲ್. ನಮ್ಮಜ್ಜನ ಹನ್ನೆರಡು ಬೋರು, ಸಾಧಾರಣ ತೋಟಾದಲ್ಲಿ, 30ರ ಸುತ್ತಮುತ್ತ. ನಾನು ಚಿಕ್ಕವನಾಗಿದ್ದಾಗ ಪ್ರಪಂಚದಲ್ಲಿ ಅದಕ್ಕಿಂತ ಜೋರಾಗಿ ಒದೆಯುವ ಕೋವಿ ಇಲ್ಲ ಅಂದುಕೊಂಡಿದ್ದೆ.

ಏಳು ವರ್ಷದ ಹಿಂದೆ ನಾನೂ ಅಂಥ ಒಂದು ಹಗುರ 300 ಕೊಂಡೆ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಗಾಳಿಯ ಹಾಗಿತ್ತು. ಗುರಿ ಅಭ್ಯಾಸದ ರೇಂಜಿಗೆ ಹೋಗಿ ಬೆಂಚಿನ ಮೇಲೆ ಕೂತು ಒಂದೇ ಮಧ್ಯಾಹ್ನ ಇಪ್ಪತ್ತು ತೋಟಾದ ಪೆಟ್ಟಿಗೆ ಖಾಲಿ ಮಾಡಿದೆ. ಮೊದಲ ಐದು ಗುಂಡು ಒಂದು ಅಂಗೈಯೊಳಗೆ ಬಿದ್ದವು. ಕೊನೆಯ ಐದು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಿದವು. ನಾನು ದುರ್ಬೀನಿನ ತಿರುಪು ಸಡಿಲ ಆಗಿರಬೇಕು ಅಂದುಕೊಂಡೆ. ಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಆ ಅಕ್ಟೋಬರಿನಲ್ಲಿ ಇನ್ನೂರು ಗಜ ದೂರದಲ್ಲಿ ಒಂದು ಹೆಣ್ಣು ಎಲ್ಕ್ ಅಡ್ಡ ನಿಂತಿತ್ತು. ಒರಗಲು ಒಳ್ಳೆಯ ಮರದ ದಿಮ್ಮಿ ಇತ್ತು. ಗಾಳಿ ಇರಲಿಲ್ಲ. ಟ್ರಿಗರ್ ಎಳೆಯುವ ಆ ಗಳಿಗೆಯಲ್ಲಿ ನನ್ನ ಕಣ್ಣು ಮುಚ್ಚಿದ್ದು ನನಗೇ ಗೊತ್ತಾಯಿತು. ಗುಂಡು ಎದೆಗೆ ಹೋಗಲಿಲ್ಲ, ಹಿಂದೆ ಹೊಟ್ಟೆಯ ಕಡೆ ಬಿತ್ತು. ಅದು ಬೆನ್ನು ಬಾಗಿಸಿ ಕಾಡಿನೊಳಗೆ ನಡೆದುಹೋಯಿತು. ಗಾಯಗೊಂಡ ಪ್ರಾಣಿಯನ್ನು ಹುಡುಕಲೇಬೇಕು ಅಂತ ಇಲ್ಲಿ ನಿಯಮ ಇದೆ. ನಿಯಮ ಇಲ್ಲದಿದ್ದರೂ ಹುಡುಕುತ್ತಿದ್ದೆವು. ನಾನೂ ನನ್ನ ಜೊತೆಗಾರನೂ ಹಿಮದ ಮೇಲಿನ ರಕ್ತದ ಹನಿ ಹಿಡಿದು ಕತ್ತಲಾಗುವ ತನಕ ನಡೆದೆವು. ರಾತ್ರಿ ಹೊಸ ಹಿಮ ಬಿತ್ತು. ಮಾರನೆಯ ದಿನ ಪೂರ್ತಿ ಹುಡುಕಿದೆವು. ಸಿಗಲಿಲ್ಲ. ಅದು ಎಷ್ಟು ಹೊತ್ತು ನರಳಿತೋ ಅನ್ನುವ ಯೋಚನೆ ಈಗಲೂ ಕೆಲವು ರಾತ್ರಿ ಬರುತ್ತದೆ. ನಾನು ಇವತ್ತು ನಿಮ್ಮ ಮುಂದೆ ನಿಂತಿರೋದು ಅದಕ್ಕೇ. ಒದೆತದ ಮಾತು ಬಂದಾಗ ಕೆಲವರು ಗಂಡಸುತನದ ಮಾತಾಡುತ್ತಾರೆ. ಭುಜದ ನೋವು ನಾಲ್ಕು ದಿನದಲ್ಲಿ ಹೋಗುತ್ತದೆ. ಬೆಚ್ಚುವ ಅಭ್ಯಾಸ ಹೋಗೋದಿಲ್ಲ, ಮತ್ತು ಅದರ ನೋವು ತಿನ್ನೋದು ಪ್ರಾಣಿ.

ಬೆಚ್ಚೋದು ಅಂದರೆ ಏನು? ಮೈಗೆ ಏಟು ಬರುತ್ತದೆ ಅಂತ ಗೊತ್ತು. ಮನಸ್ಸು ಬೇಡ ಅಂದರೂ ಮೈ ಮೊದಲೇ ಬಿಗಿಯಾಗುತ್ತದೆ. ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ಬೆರಳು ಟ್ರಿಗರನ್ನು ಕಿತ್ತು ಎಳೆಯುತ್ತದೆ. ಕೋವಿ ಹಾರಿದಾಗ ಆ ಸದ್ದಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಮಾಡುವವನಿಗೆ ಗೊತ್ತಾಗೋದಿಲ್ಲ.

ಗೊತ್ತು ಮಾಡಿಕೊಳ್ಳಲು ಒಂದು ದಾರಿ ಇದೆ. ರೇಂಜಿನಲ್ಲಿ ಸ್ನೇಹಿತರ ಕೈಗೆ ಕೋವಿ ಕೊಡಿ. ಅವರು ನಿಮಗೆ ಕಾಣದ ಹಾಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ ತೋಟಾ ಹಾಕಿ ಕೊಡಲಿ. ಯಾವುದಿದೆ ಅಂತ ನಿಮಗೆ ತಿಳಿಯಬಾರದು. ಗುರಿ ಹಿಡಿದು ಎಳೆಯಿರಿ. ಡಮ್ಮಿ ಇದ್ದರೆ ಟಿಕ್ ಅನ್ನುತ್ತದೆ ಅಷ್ಟೇ. ಆ ಟಿಕ್ ಬಂದಾಗ ನಳಿಗೆಯ ತುದಿ ನೋಡಬೇಕು. ನನ್ನದನ್ನು ನನ್ನ ಹೆಂಡತಿ ಫೋನಿನಲ್ಲಿ ಹಿಡಿದಿದ್ದಳು. ಟಿಕ್ ಅಂದ ಕೂಡಲೇ ತುದಿ ಎರಡು ಬೆರಳು ಕೆಳಗೆ ಕುಕ್ಕಿತು. ಏನೂ ಹಾರಿಲ್ಲ, ಆದರೆ ನನ್ನ ಮುಖ ನಿಂಬೆಹಣ್ಣು ಕಚ್ಚಿದವನ ಹಾಗೆ ಕಿವುಚಿಕೊಂಡಿತ್ತು. ನಾನು ಆ ಇಪ್ಪತ್ತು ಸೆಕೆಂಡನ್ನು ಹತ್ತು ಸಲ ನೋಡಿದೆ. ದುರ್ಬೀನಿನ ತಿರುಪು ಗಟ್ಟಿಯಾಗೇ ಇತ್ತು.

ಅದನ್ನು ಬಿಡಿಸಿಕೊಳ್ಳಲು ನನಗೆ ಎಂಟು ತಿಂಗಳು ಹಿಡಿಯಿತು. ದೊಡ್ಡ ಕೋವಿ ಪೆಟ್ಟಿಗೆಯಲ್ಲಿಟ್ಟು 22 ಅನ್ನುವ ಸಣ್ಣ ತೋಟಾದ ರೈಫಲ್ ಹಿಡಿದೆ. ಅದಕ್ಕೆ ಒದೆತವೇ ಇಲ್ಲ ಅನ್ನಬಹುದು. ವಾರಕ್ಕೆ ಐವತ್ತು ಗುಂಡು. ಮನೆಯಲ್ಲಿ ಖಾಲಿ ಕೋವಿಯ ಅಭ್ಯಾಸ. ತೋಟಾ ಎಲ್ಲ ಬೇರೆ ಕೋಣೆಯಲ್ಲಿಟ್ಟು, ತೋಟಾ ಕೂರುವ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಯೇ. ಆಮೇಲೆ 308. ಕೊನೆಗೆ ದೊಡ್ಡದು. ದೊಡ್ಡದರಲ್ಲಿ ಈಗಲೂ ಒಂದು ದಿನಕ್ಕೆ ಆರು ಗುಂಡು ದಾಟುವುದಿಲ್ಲ. ಆರನೆಯದು ಚೆನ್ನಾಗಿ ಬಿದ್ದರೂ ಅಷ್ಟಕ್ಕೇ ಎದ್ದುಬಿಡುತ್ತೇನೆ.

ಇನ್ನು ಹಿಡಿಯುವ ಬಗೆ. ಅಜ್ಜ ಹೇಳುತ್ತಿದ್ದರು, “ಮಗಾ, ಭುಜಕ್ಕೂ ಕೋವಿಗೂ ಮಧ್ಯೆ ಸಂದು ಬಿಟ್ಟರೆ ಅದು ಓಡಿಬಂದು ಒದೀತದೆ” ಅಂತ. ಮೂರು ಕಿಲೋ ಮ್ಯಾಗ್ನಮ್‌ಗೂ ಆ ಮಾತು ಅಕ್ಷರಶಃ ಸರಿ. ಕೊರಳೆಲುಬಿನ (ಕಾಲರ್‌ಬೋನ್) ಕೆಳಗೆ, ತೋಳು ಶುರುವಾಗುವ ಮುಂಚೆ ಒಂದು ಗುಳಿ ಇದೆ. ಮುಟ್ಟಿ ನೋಡಿಕೊಳ್ಳಿ, ಎಲ್ಲರಿಗೂ ಇದೆ. ಬಟ್, ಅಂದರೆ ಸ್ಟಾಕಿನ ಹಿಂದಿನ ತುದಿ, ಅಲ್ಲಿ ಕೂರಬೇಕು. ಮೂಳೆಯ ಮೇಲಲ್ಲ, ತೋಳಿನ ಮೇಲಲ್ಲ. ಮುಂದಿನ ಕೈ ಕೋವಿಯನ್ನು ಹಿಂದಕ್ಕೆ ಎಳೆದು ಹಿಡಿದಿರಬೇಕು. ಭಾರದ ಕೋವಿಯನ್ನು ಮರಳಿನ ಚೀಲದ ಮೇಲಿಟ್ಟು ಮುಂದಿನ ಕೈ ಬಿಟ್ಟು ಹೊಡೆಯುವವರಿದ್ದಾರೆ. ಹಗುರದ್ದರಲ್ಲಿ ಅದು ನಡೆಯೋದಿಲ್ಲ. ಯಾಕೆ ಅಂದರೆ ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಕೋವಿ ಹಿಂದಕ್ಕೆ ಹೊರಟಿರುತ್ತದೆ. ನನ್ನ ಲೆಕ್ಕದಲ್ಲಿ ಮೂರು ಕಿಲೋ 300 ಗುಂಡು ಹೊರಬೀಳುವ ಹೊತ್ತಿಗೆ 3 ಮಿಲಿಮೀಟರಿನಷ್ಟು ಸರಿದಿರುತ್ತದೆ. ಆ ಮೂರು ಮಿಲಿಮೀಟರು ಪ್ರತಿ ಸಲ ಒಂದೇ ದಾರಿಯಲ್ಲಿ ಸರಿದರೆ ಗುಂಡು ಒಂದೇ ಕಡೆ ಬೀಳುತ್ತದೆ. ಒಂದು ಸಲ ಬಿಗಿ, ಒಂದು ಸಲ ಸಡಿಲ ಹಿಡಿದರೆ ಗುಂಡೂ ಹಾಗೇ ಚದುರುತ್ತದೆ. ಹಗುರ ಕೋವಿ ಗುರಿ ಹಿಡಿಯೋದಿಲ್ಲ ಅಂತ ದೂರುವವರು ಬಹಳ ಸಲ ತಮ್ಮ ಹಿಡಿತವನ್ನೇ ದೂರುತ್ತಿರುತ್ತಾರೆ.

ಬೆಂಚಿನ ಮೇಲೆ ಕೂತರೆ ಒದೆತ ಜಾಸ್ತಿ ಅನಿಸೋದು ಭ್ರಮೆಯಲ್ಲ. ನಿಂತಾಗ ಸೊಂಟದಿಂದ ಮೇಲೆ ಮೈ ಹಿಂದಕ್ಕೆ ತೂಗುತ್ತದೆ, ಏಟು ಹರಡಿಹೋಗುತ್ತದೆ. ಬೆಂಚಿಗೆ ಕವುಚಿ ಕೂತಾಗ ಮೈ ಸರಿಯೋಕೆ ಜಾಗ ಇಲ್ಲ. ಅದಕ್ಕೆ ಚೀಲಗಳನ್ನು ಎತ್ತರಿಸಿ ನೆಟ್ಟಗೆ ಕೂತು ಹೊಡೆಯಿರಿ. ಶೂನ್ಯ ಹೊಂದಿಸುವಷ್ಟು, ಅಂದರೆ ದುರ್ಬೀನು ತೋರಿಸಿದ ಕಡೆಯೇ ಗುಂಡು ಬೀಳುವ ಹಾಗೆ ಮಾಡುವಷ್ಟು ಮಾತ್ರ ಬೆಂಚು ಸಾಕು. ಉಳಿದದ್ದು ನಿಂತು, ಮಂಡಿಯೂರಿ, ಮರಕ್ಕೆ ಒರಗಿ. ಕಾಡಿನಲ್ಲಿ ಬೆಂಚು ಇರೋದಿಲ್ಲವಲ್ಲ.

ದುರ್ಬೀನಿನ ಬಗ್ಗೆ ಒಂದು ಮಾತು. ಇಲ್ಲಿ ನನ್ನ ಹುಬ್ಬಿನ ಮೇಲೆ ಅರ್ಧ ಚಂದ್ರದ ಗುರುತು ಕಾಣುತ್ತದಾ? ಅದು ದುರ್ಬೀನಿನ ಅಂಚು ಕೊಯ್ದದ್ದು. ಏರಿನ ಕಡೆ ಮುಖ ಮಾಡಿ ಮಲಗಿ ಹೊಡೆದಾಗ ತಲೆ ತಾನಾಗಿ ಮುಂದಕ್ಕೆ ತೆವಳುತ್ತದೆ. ಮ್ಯಾಗ್ನಮ್‌ಗೆ ಕಣ್ಣಿಗೂ ದುರ್ಬೀನಿಗೂ 9ರಿಂದ 10 ಸೆಂಟಿಮೀಟರ್ ಜಾಗ ಬೇಕು. ಅದನ್ನು ಅಂಗಡಿಯಲ್ಲಿ ನಿಂತು ಅಳೆಯಬೇಡಿ. ದಪ್ಪ ಜಾಕೆಟ್ ಹಾಕಿ, ಮಲಗಿ, ಏರಿನ ಕಡೆ ನೋಡಿ ಅಳೆಯಿರಿ.

ಈ ರಬ್ಬರಿನ ತುಂಡು ಕೈಯಿಂದ ಕೈಗೆ ಹೋಗಲಿ, ಹಿಸುಕಿ ನೋಡಿ. ಬಟ್ಟಿಗೆ ಹಾಕುವ ಪ್ಯಾಡು. ಒದೆತವನ್ನೆಲ್ಲ ಇದು ತಿಂದು ಮುಗಿಸೋದಿಲ್ಲ. ಮಾಡೋದು ಏನು ಅಂದರೆ ಏಟನ್ನು ಸ್ವಲ್ಪ ಹೊತ್ತಿಗೆ ಎಳೆಯುತ್ತದೆ, ಸ್ವಲ್ಪ ಅಗಲಕ್ಕೆ ಹರಡುತ್ತದೆ. ಮೊಳೆಯ ಮೊನೆಗೂ ಮೊಳೆಯ ತಲೆಗೂ ಇರುವಷ್ಟು ವ್ಯತ್ಯಾಸ. ನಾನು ಹಣ ಖರ್ಚು ಮಾಡಿ ಅಂತ ಹೇಳುವ ಮೊದಲನೆಯ ವಸ್ತು ಇದೇ. ಸ್ಟಾಕಿನ ಬೆನ್ನು ನೇರವಾಗಿದ್ದಷ್ಟೂ ಕೋವಿ ನೇರ ಹಿಂದಕ್ಕೆ ಬರುತ್ತದೆ. ಬಾಗಿದ್ದರೆ ಮೇಲಕ್ಕೆದ್ದು ಕೆನ್ನೆಗೆ ಹೊಡೆಯುತ್ತದೆ.

ಈಗ ಆ ನಲವತ್ತು ಪಾಲು. ನಳಿಗೆಯ ತುದಿಗೆ ಮಜಲ್ ಬ್ರೇಕ್ ಅಂತ ತೂತಿರುವ ಒಂದು ತುಂಡು ಹಾಕುತ್ತಾರೆ. ಗ್ಯಾಸನ್ನು ಅದು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುತ್ತದೆ. ಗ್ಯಾಸಿನ ತಳ್ಳಾಟದಲ್ಲಿ ಅರ್ಧ ತಪ್ಪಿಸಿದರೂ 53 ಜೌಲ್ ಹೋಗಿ 34ರ ಹತ್ತಿರ ಬರುತ್ತದೆ. ಮದ್ದು ಜಾಸ್ತಿ ಇರುವ ತೋಟಾದಲ್ಲೇ ಬ್ರೇಕು ಚೆನ್ನಾಗಿ ಕೆಲಸ ಮಾಡೋದು ಇದಕ್ಕೇ. ಇಷ್ಟು ಕೇಳಿದರೆ ಎಲ್ಲರೂ ಹಾಕಿಸಿಬಿಡೋಣ ಅನ್ನುತ್ತೀರಿ. ನಾನೂ ಹಾಕಿಸಿದೆ. ಆದರೆ ಆ ಗ್ಯಾಸಿನ ಜೊತೆ ಸದ್ದೂ ಹಿಂದಕ್ಕೆ ಬರುತ್ತದೆ. ಇಂಥ ರೈಫಲ್‌ನ ಸದ್ದು ಬ್ರೇಕಿಲ್ಲದೆಯೇ 160 ಡೆಸಿಬಲ್ ದಾಟುತ್ತದೆ. 140ಕ್ಕೇ ಕಿವಿಗೆ ಅಪಾಯ. ಕಿವಿ ಮುಚ್ಚದೆ ಹೊಡೆದ ಒಂದೇ ಗುಂಡು ಜನ್ಮಕ್ಕೆಲ್ಲ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟುಹೋಗಬಹುದು. ಪಕ್ಕದಲ್ಲಿ ಕೂತಿರುವ ಜೊತೆಗಾರನ ಕಿವಿಗೆ ನಿಮಗಿಂತ ಜಾಸ್ತಿ ಬೀಳುತ್ತದೆ. ಕೆಲವರು ರೇಂಜಿನಲ್ಲಿ ಬ್ರೇಕು ಹಾಕಿಕೊಂಡು ಬೇಟೆಗೆ ಹೋಗುವಾಗ ಬಿಚ್ಚುತ್ತಾರೆ. ಬಿಚ್ಚಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಮತ್ತೆ ಶೂನ್ಯ ನೋಡಿಯೇ ಹೊರಡಬೇಕು. ಮೆಲುದನಿ ಕೇಳಿಸಿ, ಜೋರು ಸದ್ದನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಇಯರ್‌ಮಫ್ ಬಂದಿವೆ. ಬ್ರೇಕು ಕೊಳ್ಳುವ ದುಡ್ಡಿನ ಜೊತೆಗೇ ಎರಡು ಜೊತೆ ಇಯರ್‌ಮಫ್‌ಗೆ ದುಡ್ಡು ತೆಗೆದಿಡಿ, ಇನ್ನೊಂದು ಜೊತೆಗಾರನಿಗೆ.

ಸಪ್ರೆಸರ್, ಅಂದರೆ ನಳಿಗೆಯ ತುದಿಗೆ ಹಾಕುವ ಸದ್ದು ತಗ್ಗಿಸುವ ಕೊಳವೆ, ನನ್ನ ಮನಸ್ಸಿಗೆ ಹೆಚ್ಚು ಒಪ್ಪಿದ್ದು. ಗ್ಯಾಸನ್ನು ಒಳಗೇ ಹಿಡಿದು ನಿಧಾನ ಬಿಡುತ್ತದೆ. ಒದೆತವೂ ಇಳಿಯುತ್ತದೆ, ಸದ್ದೂ ಇಳಿಯುತ್ತದೆ. ನಾರ್ವೆ, ಫಿನ್ಲೆಂಡಿನ ಬೇಟೆಗಾರರಿಗೆ ಇದು ದಿನಬಳಕೆಯ ವಸ್ತು. ಅಮೆರಿಕದಲ್ಲಿ 1934ರ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು. ಕೋವಿ ಉದ್ದವಾಗುತ್ತದೆ, ಮುಂದೆ ಭಾರವಾಗುತ್ತದೆ. ಆ ಭಾರವೂ ಒದೆತ ತಗ್ಗಿಸಲು ಸಹಾಯವೇ.

ಹಗುರ ಗುಂಡು ಹಾಕಿದರೆ ಒದೆತ ಇಳಿಯುತ್ತದೆ ಅಂತ ಹೇಳುವವರಿದ್ದಾರೆ. ಲೆಕ್ಕ ಮಾಡಿದೆ. 180 ಗ್ರೇನ್ (ಆಗ ಹೇಳಿದ 11.7 ಗ್ರಾಂ) ಗುಂಡು ಬಿಟ್ಟು 150 ಗ್ರೇನ್ ಗುಂಡನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಇಳಿಯೋದು ಒಂದೆರಡು ಜೌಲ್ ಅಷ್ಟೇ. ವೇಗ ಏರುತ್ತದೆ, ಮದ್ದು ಕಡಿಮೆಯಾಗೋದಿಲ್ಲ. ಮದ್ದೇ ಕಡಿಮೆಯಾಗಬೇಕು. ಆದರೆ ಮನೆಯಲ್ಲಿ ತೋಟಾ ತುಂಬುವವರು ಕೈಗೆ ತೋಚಿದಷ್ಟು ಕಡಿಮೆ ಮಾಡಬೇಡಿ. ನಿಧಾನ ಉರಿಯುವ ಮದ್ದನ್ನು ಅರ್ಧಂಬರ್ಧ ತುಂಬಿದರೆ ಒತ್ತಡ ತಟ್ಟನೆ ಏರುವ ಅಪಾಯ ಇದೆ. ಕಂಪನಿಯ ಕೈಪಿಡಿಯ ಅಳತೆಯೇ ಕೊನೆ.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಮುನ್ನೂರು ಗಜದೊಳಗೆ ಎಲ್ಕ್ ಹೊಡೆಯುವವರಿಗೆ ಹಗುರ ಕೋವಿಯೂ ಬೇಕು, ಮ್ಯಾಗ್ನಮ್ಮೂ ಬೇಕು ಅನ್ನೋದು ದುಬಾರಿ ಆಸೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ಹಗುರ ಬೇಕಾದರೆ 308, 7 ಎಂಎಂ-08, 6.5 ಕ್ರೀಡ್‌ಮೋರ್ ಅನ್ನುವ ಸಾಧು ತೋಟಾಗಳು ಇವೆ. ಒಳ್ಳೆಯ ಗುಂಡು ಹಾಕಿ, ಎದೆಗೇ ಹೊಡೆದರೆ ಸಾಕು. ನನ್ನ ಹೆಂಡತಿ ಐದಡಿ ಎರಡಿಂಚು. ಅವಳ 7 ಎಂಎಂ-08ರ ಒಂದೇ ಗುಂಡಿಗೆ ಎಲ್ಕ್ ನಲವತ್ತು ಹೆಜ್ಜೆ ನಡೆದು ಬಿತ್ತು. ನಾನು ಪಕ್ಕದಲ್ಲೇ ಇದ್ದೆ. ಮ್ಯಾಗ್ನಮ್ಮೇ ಬೇಕು ಅಂದರೆ ಅರ್ಧ ಕಿಲೋ ಜಾಸ್ತಿ ಹೊರಿ. ನಾನು ನನ್ನ 300ಕ್ಕೆ ಹಾಗೇ ಮಾಡಿದೆ. ಕಾರ್ಬನ್ ಸ್ಟಾಕು ತೆಗೆದು ಭಾರದ್ದು ಹಾಕಿಸಿದೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು.

ಒಬ್ಬ ಅಕ್ಕ ಕೇಳಿದರು, ಅಂಗಡಿಯ ಕೋವಿ ಹಿಡಿದರೆ ತನಗೆ ಕುತ್ತಿಗೆ ಮುಂದೆ ಚಾಚಬೇಕಾಗುತ್ತದೆ ಯಾಕೆ ಅಂತ. ಅಕ್ಕಾ, ಬಟ್ಟಿನಿಂದ ಟ್ರಿಗರಿಗೆ ಸಾಮಾನ್ಯವಾಗಿ ಹದಿಮೂರೂವರೆ ಇಂಚು ಇಟ್ಟಿರುತ್ತಾರೆ. ಅದು ಎತ್ತರದ ಮನುಷ್ಯನ ಅಳತೆ. ನಮ್ಮಂಥವರಿಗೆ ಹನ್ನೆರಡೂವರೆ, ಹದಿಮೂರು ಸಾಕು. ಉದ್ದವಾದ ಸ್ಟಾಕು ಗುಳಿಯಿಂದ ಜಾರಿ ತೋಳಿನ ಮೇಲೆ ಕೂರುತ್ತದೆ. ನಿಮಗೆ ಒದೆತ ತಡೆಯೋಕಾಗಲ್ಲ ಅಂತ ಯಾರಾದರೂ ಅಂದರೆ ಮೊದಲು ಸ್ಟಾಕು ಅಳೆಯಿರಿ.

ಇನ್ನೊಬ್ಬರು ಸೀಸದ ಚೀಲ ಹೇರಿ ಕೋವಿ ಕಟ್ಟಿಹಾಕುವ ಸ್ಲೆಡ್ ಬಗ್ಗೆ ಕೇಳಿದರು. ಭುಜಕ್ಕೆ ಆರಾಮ ನಿಜ. ಆದರೆ ಕೋವಿ ಸರಿಯೋಕೆ ಬಿಡದಿದ್ದರೆ ಆ ಏಟು ಸ್ಟಾಕು ಮತ್ತು ದುರ್ಬೀನಿನ ಮೇಲೆ ಬೀಳುತ್ತದೆ. ಹಗುರ ಸ್ಟಾಕು ಸೀಳಲೂಬಹುದು. ಚೀಲ ಕಡಿಮೆ ಹೇರಿ, ಸರಿಯೋಕೆ ಜಾಗ ಬಿಡಿ.

ಕೊನೆಗೆ ಹದಿನಾಲ್ಕು ವರ್ಷದ ಹುಡುಗ ಎದ್ದ. ಬೇಟೆಗಾರರ ತರಬೇತಿ ಪರೀಕ್ಷೆ ಪಾಸಾಗಿದೆಯಂತೆ. “ಅಂಕಲ್, ಅಪ್ಪನ 300 ತಗೊಂಡು ಹೋಗಬಹುದಾ ಈ ಸಲ?” ಅಂದ. ಬೇಡ ಮರಿ. ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅಪ್ಪನ ಜೊತೆ ರೇಂಜಿಗೆ ಬಾ. 22 ರೈಫಲ್, ಐವತ್ತು ತೋಟಾ, ನಾಲ್ಕು ಡಮ್ಮಿ ನಾನು ತರುತ್ತೇನೆ. ಕಿವಿಗೆ ಹಾಕೋದನ್ನ ನೀನು ತಾ.